ಗರ್ಭಪಾತ ಕೊಲೆಯಾದರೆ, ಡಾಕ್ಟರನ್ನು ಕೊಲ್ಲೋದು ಏನು?

1994ರ ಜುಲೈ 29. ಅಮೆರಿಕದ ಫ್ಲೋರಿಡಾದಲ್ಲಿ ಪೆನ್ಸಕೋಲಾ ಅಂತ ಒಂದು ಊರು. ಅಲ್ಲಿನ ಗರ್ಭಪಾತ ಕ್ಲಿನಿಕ್ ಮುಂದೆ ಪಾಲ್ ಹಿಲ್ ಎಂಬ ಮಾಜಿ ಪಾದ್ರಿ ಕೋವಿ ಹಿಡಿದು ಕಾಯುತ್ತಿದ್ದ. ಡಾಕ್ಟರ್ ಜಾನ್ ಬ್ರಿಟನ್ ಗುಂಡು ತಡೆಯುವ ಅಂಗಿ ತೊಟ್ಟೇ ಕೆಲಸಕ್ಕೆ ಬರುತ್ತಿದ್ದರು. ಅದು ಹಿಲ್‌ಗೆ ಗೊತ್ತಿತ್ತು, ಹಾಗಾಗಿ ತಲೆಗೇ ಹೊಡೆದ. ಅವರನ್ನು ಕರೆತಂದಿದ್ದ ನಿವೃತ್ತ ವಾಯುಪಡೆ ಅಧಿಕಾರಿ ಜೇಮ್ಸ್ ಬ್ಯಾರೆಟ್ ಕೂಡ ಸತ್ತರು. ಬ್ಯಾರೆಟ್ ಹೆಂಡತಿಗೆ ಗಾಯವಾಯಿತು. ಹಿಲ್ ಕೋವಿ ಕೆಳಗಿಟ್ಟು ಪೊಲೀಸರ ಕೈಗೆ ಸಿಕ್ಕ.

ಇವನನ್ನು ಹುಚ್ಚ ಅಂದು ಸುಮ್ನೆ ಬಿಟ್ಟುಬಿಡಬಹುದು. ಆದರೆ ಅವನ ವಾದ ಹುಚ್ಚನ ವಾದದ ಹಾಗಿರಲಿಲ್ಲ, ತೊಂದರೆ ಇರೋದೇ ಅಲ್ಲಿ. ಹೊಟ್ಟೆಯಲ್ಲಿರುವ ಭ್ರೂಣವೂ ಪೂರ್ತಿ ಮನುಷ್ಯ ಅನ್ನೋದಾದರೆ, ಅದನ್ನು ಕೊಲ್ಲಲು ಬರುವವನನ್ನು ತಡೆಯೋದು ತಪ್ಪು ಹೇಗಾಗುತ್ತದೆ? ರಸ್ತೆಯಲ್ಲಿ ಯಾರಾದರೂ ಮಗುವಿನ ಮೇಲೆ ಮಚ್ಚು ಎತ್ತಿದರೆ ನಾವು ನೋಡುತ್ತಾ ನಿಲ್ಲುತ್ತೇವಾ?

ಈ ಮಾತು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1973ರ ಜನವರಿಯಲ್ಲಿ ರೋ ಮತ್ತು ವೇಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತ ಹೆಂಗಸರ ಹಕ್ಕು ಎಂದಿತು. ವಿರೋಧ ಶುರುವಾಯಿತು, ಆಮೇಲೆ ಕ್ಲಿನಿಕ್‌ಗಳಿಗೆ ಬೆಂಕಿ ಬೀಳತೊಡಗಿತು. 1984ರ ಕ್ರಿಸ್‌ಮಸ್ ದಿನ ಇದೇ ಪೆನ್ಸಕೋಲಾದಲ್ಲಿ ಮೂರು ಬಾಂಬ್ ಸಿಡಿದವು. ಏಸುವಿಗೆ ಹುಟ್ಟುಹಬ್ಬದ ಉಡುಗೊರೆ ಅಂತ ಅದಕ್ಕೆ ಸಮರ್ಥನೆ ಬೇರೆ! 80ರ ದಶಕದ ಕೊನೆಯಲ್ಲಿ ಆಪರೇಷನ್ ರೆಸ್ಕ್ಯೂ ಎಂಬ ಸಂಘಟನೆ ಕ್ಲಿನಿಕ್ ಬಾಗಿಲಲ್ಲಿ ಧರಣಿ ಕೂರಲು ಶುರು ಮಾಡಿತು. ಸಾವಿರಾರು ಜನ ಜೈಲಿಗೆ ಹೋದರು. ಗರ್ಭಪಾತ ಕೊಲೆ ಅಂತ ನಂಬಿದ್ದರೆ, ಕೊಲೆ ನಡೆಯುತ್ತಿದೆ ಅನ್ನೋ ಹಾಗೇ ನಡೆದುಕೊಳ್ಳಿ ಅನ್ನೋದು ಅವರ ಘೋಷಣೆ.

ಧರಣಿ ಕೂತವರಲ್ಲಿ ಬಹುಪಾಲು ಜನಕ್ಕೆ ಅದರ ಅರ್ಥ ರಸ್ತೆಗೆ ಅಡ್ಡ ಕೂರೋದು, ಅಷ್ಟೇ. ಕೆಲವರು ಅದನ್ನು ಅಕ್ಷರಶಃ ತೆಗೆದುಕೊಂಡರು. 1993ರ ಮಾರ್ಚ್‌ನಲ್ಲಿ, ಮತ್ತೆ ಪೆನ್ಸಕೋಲಾದಲ್ಲೇ, ಡಾಕ್ಟರ್ ಡೇವಿಡ್ ಗನ್ ಗುಂಡಿಗೆ ಬಲಿಯಾದರು. ಹಿಲ್ ಟಿವಿಯಲ್ಲಿ ಕೂತು ಅದು ನ್ಯಾಯವೇ ಎಂದ, ಒಂದು ಹೇಳಿಕೆ ಬರೆದು ಇತರರಿಂದ ಸಹಿ ಕೂಡ ಹಾಕಿಸಿದ. ಅವನ ಚರ್ಚ್ ಅವನನ್ನು ಹೊರಹಾಕಿತು. ಗರ್ಭಪಾತವನ್ನು ವಿರೋಧಿಸುವ ದೊಡ್ಡ ಸಂಘಟನೆಗಳೂ ಈ ಕೊಲೆಗಳನ್ನು ಖಂಡಿಸಿದವು. ಜೀವ ಉಳಿಸಬೇಕು ಅನ್ನೋರು ಜೀವ ತೆಗೆಯೋದು ಹೇಗೆ ಅಂತ ಅವರು ಕೇಳಿದರು. ಆದರೆ ಯುದ್ಧವನ್ನೂ ಮರಣದಂಡನೆಯನ್ನೂ ಒಪ್ಪುವವರ ಬಾಯಲ್ಲಿ ಈ ಉತ್ತರ ಸ್ವಲ್ಪ ಸಡಿಲ ಅನಿಸುತ್ತದೆ.

1994ರ ಮೇ ತಿಂಗಳಲ್ಲಿ ಕ್ಲಿನಿಕ್‌ಗೆ ಅಡ್ಡಗಟ್ಟುವುದನ್ನು ಕೇಂದ್ರ ಕಾನೂನೇ ಅಪರಾಧ ಮಾಡಿತು. ಶಾಂತಿಯ ದಾರಿ ಮುಚ್ಚಿದ್ದಕ್ಕೇ ಗುಂಡು ಹಾರಿತು ಅಂತ ಕೆಲವರು ಹೇಳುವುದುಂಟು. ಅಲ್ವೇ ಅಲ್ಲ, ಡಾಕ್ಟರ್ ಗನ್ ಸತ್ತಿದ್ದು ಈ ಕಾನೂನಿಗಿಂತ ಒಂದು ವರ್ಷ ಮೊದಲು.

ಕೋರ್ಟು ಹಿಲ್‌ನ ವಾದವನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ನನಗೆ ಅದು ಸರಿ ಅನಿಸುತ್ತದೆ. ಮಚ್ಚು ಎತ್ತಿದವನನ್ನು ತಡೆಯಿರಿ ಅನ್ನುವಾಗ ಅದು ಅಪರಾಧ ಅಂತ ಕಾನೂನೂ ಹೇಳುತ್ತಿರುತ್ತದೆ, ಊರೂ ಹೇಳುತ್ತಿರುತ್ತದೆ. ಇಲ್ಲಿ ಇಡೀ ದೇಶ ಜಗಳವಾಡುತ್ತಿದ್ದ ಪ್ರಶ್ನೆಗೆ ಹಿಲ್ ಒಬ್ಬನೇ ನ್ಯಾಯಾಧೀಶನಾದ, ತಾನೇ ಗುಂಡನ್ನೂ ಹಾರಿಸಿದ. 2003ರ ಸೆಪ್ಟೆಂಬರ್‌ನಲ್ಲಿ ಅವನಿಗೆ ವಿಷದ ಇಂಜೆಕ್ಷನ್ ಕೊಟ್ಟು ಮರಣದಂಡನೆ ಜಾರಿ ಮಾಡಿದರು.

ಅಷ್ಟಕ್ಕೇ ನಿಲ್ಲಲಿಲ್ಲ. ಕ್ಯಾನ್ಸಸ್‌ನ ವಿಚಿಟಾದ ಡಾಕ್ಟರ್ ಜಾರ್ಜ್ ಟಿಲ್ಲರ್ ಕ್ಲಿನಿಕ್ ಮೇಲೆ 1986ರಲ್ಲಿ ಬಾಂಬ್ ಬಿದ್ದಿತ್ತು. 1993ರಲ್ಲಿ ಅವರ ಎರಡೂ ತೋಳಿಗೆ ಗುಂಡು ತಗುಲಿತ್ತು. ಕೊನೆಗೆ 2009ರ ಮೇ 31ರ ಭಾನುವಾರ ಅವರನ್ನು ಕೊಂದಿದ್ದು ಚರ್ಚಿನೊಳಗೆ. ಕೊಂದ ಸ್ಕಾಟ್ ರೋಡರ್ ಕೂಡ ಮಕ್ಕಳನ್ನು ಉಳಿಸಿದೆ ಎಂದ. ಜ್ಯೂರಿಗೆ ತೀರ್ಪು ಕೊಡಲು 37 ನಿಮಿಷ ಸಾಕಾಯಿತು.

ಟಿಲ್ಲರ್ ಕ್ಲಿನಿಕ್ ಮುಚ್ಚಿತು. ಅದೇ ಕಟ್ಟಡದಲ್ಲಿ 2013ರಲ್ಲಿ ಇನ್ನೊಂದು ತೆರೆಯಿತು. ರೋ ತೀರ್ಪು 2022ರ ಜೂನ್‌ನಲ್ಲಿ ರದ್ದಾಗಿ ಬಿತ್ತು ನಿಜ, ಆದರೆ ಬೀಳಿಸಿದ್ದು ಕೋವಿಯಲ್ಲ, ಗರ್ಭಪಾತ ವಿರೋಧಿಗಳು ವರ್ಷಗಟ್ಟಲೆ ಚುನಾವಣೆ ಗೆದ್ದು ನೇಮಿಸಿದ ನ್ಯಾಯಾಧೀಶರು. ರೋ ರದ್ದುಮಾಡುವ ಹೊಸ ತೀರ್ಪಿನ ಕರಡು ಮೊದಲೇ, ಮೇ ತಿಂಗಳಲ್ಲಿ, ಸೋರಿಕೆಯಾದ ಹೊತ್ತಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಗರ್ಭಪಾತ ವಿರೋಧಿ ಸಂಘಟನೆಯೊಂದರ ಕಚೇರಿಗೆ ಬೆಂಕಿ ಬಿತ್ತು. ಈ ಸಲ ಹಚ್ಚಿದ್ದು ಆಚೆ ಕಡೆಯವರು. 2022ರ ಆಗಸ್ಟ್‌ನಲ್ಲಿ ಟಿಲ್ಲರ್ ಅವರ ಕ್ಯಾನ್ಸಸ್‌ನಲ್ಲೇ ಗರ್ಭಪಾತದ ಹಕ್ಕನ್ನು ಆ ರಾಜ್ಯದ ಸಂವಿಧಾನದಿಂದ ತೆಗೆಯಬೇಕಾ ಅಂತ ಜನರನ್ನು ಕೇಳಿದರು. ಸುಮಾರು 59 ಶೇಕಡಾ ಮತದಾರರು ಬೇಡ ಎಂದರು.