‘ದಾಖಲೆ ತಿದ್ದುಪಡಿ’ ಅಂದರೆ ಹೊಸ ಪದಕ ಅಲ್ಲ

ಅಮೆರಿಕದ ಮಾಜಿ ಸೈನಿಕರ ಸುದ್ದಿ ಕನ್ನಡಕ್ಕೆ ಬರುವಾಗ ಒಂದು ತಪ್ಪು ಪದೇ ಪದೇ ಕಾಣುತ್ತದೆ. ವಿಯೆಟ್ನಾಂಗೆ ಹೋಗಿ ಬಂದ ಒಬ್ಬರ ಸೇವಾ ದಾಖಲೆಯನ್ನು ಸೇನೆ ತಿದ್ದಿದೆ, ಬಿಟ್ಟುಹೋಗಿದ್ದ ಪದಕಗಳನ್ನು ಸೇರಿಸಿದೆ ಎಂಬುದು ಮೂಲ ಸುದ್ದಿ. ನಮ್ಮಲ್ಲಿ ಅದು ‘50 ವರ್ಷದ ನಂತರ ಯೋಧನಿಗೆ ಪದಕ ಘೋಷಣೆ’ ಎಂದಾಗುತ್ತದೆ. ಯಾರೂ ಏನನ್ನೂ ಘೋಷಿಸಿಲ್ಲ. ಪದಕ ಆಗಲೇ ಅವರದ್ದಾಗಿತ್ತು. ಕಾಗದದಲ್ಲಿ ಇರಲಿಲ್ಲ, ಈಗ ಬಂದಿದೆ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ‘ದಾಖಲೆ ತಿದ್ದಿಸಿಕೊಂಡು ಪದಕ ಪಡೆದರು’ ಎಂದು ಬರೆಯುವುದು. ಓದಿದವರಿಗೆ ಏನನಿಸುತ್ತದೆ? ಏನೋ ಮೋಸ ನಡೆದಿದೆ ಅಂತ ಅಲ್ವಾ? ನಮ್ಮ ಕಡೆ ‘ದಾಖಲೆ ತಿದ್ದಿದ್ದಾರೆ’ ಅಂದ ಕೂಡಲೇ ಪಹಣಿ, ಅಂಕಪಟ್ಟಿ, ಹುಟ್ಟಿದ ತಾರೀಖು ನೆನಪಾಗುತ್ತವೆ. ಯುದ್ಧದಲ್ಲಿ ಗಾಯಗೊಂಡ ಮನುಷ್ಯನನ್ನು ಒಂದು ಕ್ರಿಯಾಪದದಿಂದ ಕಳ್ಳನ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ.

ತೊಂದರೆ ಇರುವುದು ‘ತಿದ್ದು’ ಎಂಬ ಮಾತಿನ ಹರವಿನಲ್ಲಿ. ಅಚ್ಚಗನ್ನಡದ ಈ ಪದ ಇವತ್ತು ಮೂರು ಬೇರೆ ಬೇರೆ ಕೆಲಸ ಮಾಡುತ್ತಿದೆ. ಪಹಣಿ ತಿದ್ದಿದರು ಅಂದರೆ ಇದ್ದುದನ್ನು ಅಳಿಸಿ ಸುಳ್ಳು ಬರೆದರು. ಸಂವಿಧಾನಕ್ಕೆ ತಿದ್ದುಪಡಿ ಅಂದರೆ ಹೊಸ ನಿಯಮ ತಂದರು, ಅಲ್ಲಿಯವರೆಗೆ ಅದು ಇರಲೇ ಇಲ್ಲ. ಮೂರನೆಯದು ಮಗು ಅಕ್ಷರ ತಿದ್ದುವುದು. ಮೇಷ್ಟ್ರು ಸ್ಲೇಟಿನ ಮೇಲೆ ‘ಅ’ ಬರೆದುಕೊಡುತ್ತಾರೆ. ಮಗು ಅದರ ಮೇಲೇ ಬಳಪ ಆಡಿಸುತ್ತದೆ. ಅಕ್ಷರ ಮೊದಲೇ ಇದೆ. ಮಗು ಅದನ್ನು ಮೂಡಿಸುತ್ತದೆ, ಹುಟ್ಟಿಸುವುದಿಲ್ಲ. ಸೇವಾ ದಾಖಲೆಯ ತಿದ್ದುಪಡಿ ಈ ಮೂರನೆಯ ಅರ್ಥಕ್ಕೆ ಸೇರಿದ್ದು. ನಡೆದಿರುವುದರ ಮೇಲೆಯೇ ಗೆರೆ ಎಳೆಯುವ ಕೆಲಸ. ಸುದ್ದಿ ಬರೆಯುವವರು ಇದನ್ನು ಮೊದಲನೆಯದಾಗಿ ಅಥವಾ ಎರಡನೆಯದಾಗಿ ಓದಿಕೊಳ್ಳುತ್ತಾರೆ. ಎಡವಟ್ಟು ಆಗುವುದು ಅಲ್ಲೇ.

ಈಗ ಕಾಗದಕ್ಕೆ ಬರೋಣ. ಅಮೆರಿಕದ ಸೈನಿಕ ಸೇವೆ ಮುಗಿಸಿ ಹೊರಬರುವಾಗ ಕೈಗೆ ಸಿಗುವ ಪತ್ರದ ಹೆಸರು ಡಿಡಿ 214. 1950ರಿಂದ ಇದು ಚಾಲ್ತಿಯಲ್ಲಿದೆ. ಮಾಜಿ ಸೈನಿಕನಿಗೆ ಸಿಗುವ ಸವಲತ್ತುಗಳಿಗೆಲ್ಲ ಇದೇ ಆಧಾರ. ಮನೆ ಸಾಲಕ್ಕೆ ಇದನ್ನೇ ತೋರಿಸಬೇಕು. ಸತ್ತಾಗ ಸೇನಾ ಗೌರವ ಕೇಳಲೂ ಇದೇ ಬೇಕು. ಈಗಿನ ನಮೂನೆಯಲ್ಲಿ ಪದಕಗಳಿಗೆ 13ನೇ ಅಂಕಣ ಇದೆ. ವಿಯೆಟ್ನಾಂ ಕಾಲದ ಪತ್ರಗಳಲ್ಲಿ ಅದು 24ನೆಯದು. ಆ ಅಂಕಣದ ತಲೆಬರಹವನ್ನು ನಿಧಾನವಾಗಿ ಓದಬೇಕು. ಪದಕ, ಬ್ಯಾಡ್ಜ್, ರಿಬ್ಬನ್ ಇವುಗಳಲ್ಲಿ ‘ನೀಡಲಾದ ಅಥವಾ ಅಧಿಕೃತವಾಗಿ ಸಲ್ಲುವ’ ಎಲ್ಲವನ್ನೂ ಬರೆಯಬೇಕು ಅನ್ನುತ್ತದೆ ಅದು. ನಡುವಿನ ‘ಅಥವಾ’ ತುಂಬಾ ಮುಖ್ಯ. ಯಾರೂ ವೇದಿಕೆ ಹಾಕಿ ಎದೆಗೆ ಚುಚ್ಚದಿದ್ದರೂ ನಿಯಮದ ಪ್ರಕಾರ ಸಲ್ಲುವ ಪದಕ ಸಲ್ಲುತ್ತದೆ. ಅದು ದಾಖಲೆಯಲ್ಲಿ ಇಲ್ಲದಿದ್ದರೆ ದಾಖಲೆ ತಪ್ಪು.

ನಾವು ಪದಕ ಎಂದು ಕರೆಯುವ ವಸ್ತುಗಳಲ್ಲಿ ಹಲವು ಜಾತಿ ಇವೆ ಎಂಬುದನ್ನೂ ಇಲ್ಲೇ ಹೇಳಬೇಕು. ಒಂದು ಘಟನೆಯಲ್ಲಿ ತೋರಿದ ಸಾಹಸಕ್ಕೆ ಕೊಡುವುದು ಬೇರೆ. ಅದಕ್ಕೆ ಮೇಲಧಿಕಾರಿಯ ಶಿಫಾರಸು ಬೇಕು, ಆದೇಶ ಹೊರಡಬೇಕು. ಇಂಥ ಯುದ್ಧಭೂಮಿಯಲ್ಲಿ ಇಷ್ಟು ಕಾಲ ಇದ್ದಿದ್ದಕ್ಕೆ ಬರುವುದು ಬೇರೆ. ವಿಯೆಟ್ನಾಂ ಸೇವಾ ಪದಕ ಇಂಥದ್ದು. ಅಲ್ಲಿದ್ದೆ ಎಂದು ತೋರಿಸಿದರೆ ಸಾಕು. ತಿದ್ದುಪಡಿ ಅರ್ಜಿಗಳಲ್ಲಿ ಈ ಎರಡನೆಯ ಜಾತಿಯ ಕೆಲಸ ಸಲೀಸು. ಧೈರ್ಯವನ್ನು ಯಾರೂ ತೂಗಬೇಕಾಗಿಲ್ಲ. ತಾರೀಖು ಮತ್ತು ತುಕಡಿ ಹೊಂದಿದರೆ ಮುಗಿಯಿತು.

ಹಾಗಾದರೆ ಪದಕ ಬಿಟ್ಟುಹೋಗುವುದು ಹೇಗೆ? ಗುಮಾಸ್ತನ ಅವಸರ ಒಂದು ಕಾರಣ. ಆದರೆ ದೊಡ್ಡ ಕಾರಣ ಅದಲ್ಲ. ಸೈನಿಕ ಮನೆ ಸೇರಿದ ಮೇಲೆ ಪದಕ ಸಲ್ಲುವಂತಾಗುವುದು ಜಾಸ್ತಿ. ದಕ್ಷಿಣ ವಿಯೆಟ್ನಾಂ ಸರ್ಕಾರ ಕೊಟ್ಟ ಗ್ಯಾಲಂಟ್ರಿ ಕ್ರಾಸ್ ತುಕಡಿ ಗೌರವವನ್ನೇ ನೋಡಿ. ಅಲ್ಲಿದ್ದ ಅಮೆರಿಕ ಭೂಸೇನೆಯ ಕಮಾಂಡ್ ಮತ್ತು ಅದರ ಅಡಿಯ ಎಲ್ಲ ತುಕಡಿಗಳಿಗೆ 1965ರ ಜುಲೈ 20ರಿಂದ 1973ರ ಮಾರ್ಚ್ 28ರವರೆಗಿನ ಅವಧಿಗೆ ಇದು ಸಲ್ಲುತ್ತದೆ ಎಂಬ ಆದೇಶ ಹೊರಟಿದ್ದು 1974ರಲ್ಲಿ. 1968ರಲ್ಲೇ ಸೇನೆ ಬಿಟ್ಟವರ ಡಿಡಿ 214ರಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಅವರ ತಪ್ಪೂ ಅಲ್ಲ, ಗುಮಾಸ್ತನ ತಪ್ಪೂ ಅಲ್ಲ.

ಎರಡನೆಯ ಮಹಾಯುದ್ಧದ್ದು ಇನ್ನೂ ಮನಸ್ಸಿಗೆ ತಟ್ಟುವ ಕಥೆ. ನೆಲದ ಮೇಲೆ ನಿಂತು ಹೋರಾಡಿದ ಕಾಲಾಳಿಗೆ ಆಗ ಕಂಬ್ಯಾಟ್ ಇನ್‌ಫ಼ೆಂಟ್ರಿಮನ್ ಬ್ಯಾಡ್ಜ್ ಸಿಗುತ್ತಿತ್ತು. ಅವನ ಜೊತೆ ಹೋದ ವೈದ್ಯಕೀಯ ಸಿಬ್ಬಂದಿಗೆ ಮೆಡಿಕಲ್ ಬ್ಯಾಡ್ಜ್. 1947ರಲ್ಲಿ ಸೇನೆ ಒಂದು ತೀರ್ಮಾನ ಮಾಡಿತು. ಆ ಯುದ್ಧದಲ್ಲಿ ಈ ಬ್ಯಾಡ್ಜ್‌ಗಳಲ್ಲಿ ಒಂದನ್ನು ಗಳಿಸಿದವರಿಗೆ ಬ್ರಾಂಜ್ ಸ್ಟಾರ್ ಪದಕವೂ ಸಲ್ಲುತ್ತದೆ ಎಂದು. ಅಷ್ಟರಲ್ಲಿ ಅವರಲ್ಲಿ ಹೆಚ್ಚಿನವರು ಊರಿಗೆ ಮರಳಿ ಹೊಲ, ಕಾರ್ಖಾನೆ, ಸಂಸಾರ ಅಂತ ಮುಳುಗಿದ್ದರು. ಎಷ್ಟೋ ಜನರಿಗೆ ವಿಷಯ ತಿಳಿಯಲೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಸಿಕ್ಕ ಕಾಗದದಲ್ಲಿ ಆ ಬ್ಯಾಡ್ಜ್‌ನ ಹೆಸರು ನೋಡಿ ಮಕ್ಕಳು ಅರ್ಜಿ ಹಾಕುತ್ತಾರೆ, ಪದಕ ಬರುತ್ತದೆ. ಇದನ್ನು ‘ಮರಣೋತ್ತರ ಪ್ರಶಸ್ತಿ’ ಎಂದು ಬರೆದರೆ ಪೂರ್ತಿ ತಪ್ಪಾಗುತ್ತದೆ. ಆ ಮನುಷ್ಯ ಬದುಕಿದ್ದಾಗಲೇ ಅದು ಅವನದ್ದಾಗಿತ್ತು.

ಪರ್ಪಲ್ ಹಾರ್ಟ್ ಬಗ್ಗೆ ಗೊಂದಲ ಎಲ್ಲಕ್ಕಿಂತ ಜಾಸ್ತಿ. ಇದು ಸಾಹಸಕ್ಕೆ ಕೊಡುವ ಪದಕ ಅಲ್ಲ. ಶತ್ರುವಿನ ದಾಳಿಯಲ್ಲಿ ಗಾಯಗೊಂಡವರಿಗೆ, ಸತ್ತವರಿಗೆ ಸಲ್ಲುವುದು. ಯಾರ ಶಿಫಾರಸೂ ಬೇಡ. ಆದರೆ ಮೂರು ಸಂಗತಿ ಸಾಬೀತಾಗಬೇಕು. ಗಾಯ ಶತ್ರುವಿನಿಂದ ಆಗಿರಬೇಕು. ಅದಕ್ಕೆ ವೈದ್ಯಕೀಯ ಚಿಕಿತ್ಸೆ ಬೇಕಾಗಿರಬೇಕು. ಆ ಚಿಕಿತ್ಸೆ ದಾಖಲಾಗಿರಬೇಕು. ಜೀಪು ಮಗುಚಿ ಕೈ ಮುರಿದರೆ ಬರುವುದಿಲ್ಲ. ಚಳಿಯಲ್ಲಿ ಬೆರಳು ಹೆಪ್ಪುಗಟ್ಟಿದರೂ ಬರುವುದಿಲ್ಲ. ನಿಜವಾಗಿ ಕಷ್ಟಪಡುವವರು ಬೇರೆಯೇ ಇದ್ದಾರೆ. ಗದ್ದೆಯ ಬದುವಿನಲ್ಲೇ ಚೂರು ತೆಗೆಸಿಕೊಂಡು, ಪಟ್ಟಿ ಕಟ್ಟಿಸಿಕೊಂಡು ಮತ್ತೆ ನಡೆದವರು. ಗಾಯದ ಗುರುತು ಮೈಮೇಲೆ ಇದೆ, ಕಾಗದ ಇಲ್ಲ. ಇಂಥವರಿಗೆ ಜೊತೆಗಿದ್ದವರ ಹೇಳಿಕೆ, ಆಗ ಮನೆಗೆ ಬಂದ ತಂತಿ, ವಿಯೆಟ್ನಾಂ ಗಾಯಾಳುಗಳ ಪಟ್ಟಿಯಲ್ಲಿ ಒಂದು ಸಾಲು, ಇವೇ ಆಸರೆ. ಜೊತೆಗಿದ್ದವರೂ ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅರ್ಜಿಯನ್ನು ಮುಂದೂಡಬೇಡಿ ಎಂದು ಹೇಳಲು ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಇನ್ನು ಬೆಂಕಿ. ಕಡತ ಸಿಗಲಿಲ್ಲ ಅಂದರೆ ‘1973ರ ಬೆಂಕಿಯಲ್ಲಿ ಸುಟ್ಟಿರಬೇಕು’ ಎನ್ನುವುದು ರೂಢಿಯಾಗಿದೆ. ಬೆಂಕಿ ನಿಜ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ಓವರ್‌ಲ್ಯಾಂಡ್‌ನಲ್ಲಿದ್ದ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದ ಆರನೇ ಮಹಡಿ ಹೊತ್ತಿ ಉರಿಯಿತು. 1.6 ಕೋಟಿಯಿಂದ 1.8 ಕೋಟಿ ಕಡತ ಹೋದವು. ನಕಲು ಇರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ, ಏನೇನಿತ್ತು ಎಂಬ ಸೂಚಿಯೂ ಇರಲಿಲ್ಲ. ಆದರೆ ಯಾರ ಕಡತ ಹೋದವು ಎಂಬುದು ಸ್ಪಷ್ಟವಾಗಿದೆ. 1912ರ ನವೆಂಬರ್‌ನಿಂದ 1960ರ ಜನವರಿವರೆಗೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು 80% ಹೋದವು. 1947ರಿಂದ 1964ರ ಆರಂಭದವರೆಗೆ ವಾಯುಸೇನೆ ಬಿಟ್ಟವರಲ್ಲಿ, ಅಕ್ಷರಾನುಕ್ರಮದಲ್ಲಿ ‘ಹಬರ್ಡ್’ ನಂತರ ಬರುವ ಹೆಸರಿನವರದ್ದು ಸುಮಾರು 75% ಹೋದವು. 1970ರಲ್ಲಿ ಭೂಸೇನೆ ಬಿಟ್ಟವರ ಕಡತಕ್ಕೂ ಆ ಬೆಂಕಿಗೂ ಸಂಬಂಧ ಇಲ್ಲ. ಆದ್ದರಿಂದ ವಿಯೆಟ್ನಾಂ ಕಾಲದವರು ಬೆಂಕಿಯ ಹೆಸರು ಕೇಳಿ ಸುಮ್ನೆ ಕೈಚೆಲ್ಲಬಾರದು. ಸುಟ್ಟ ಕಡತದವರಿಗೂ ದಾರಿ ಇದೆ. ಸಂಬಳದ ಪಟ್ಟಿ, ಆಸ್ಪತ್ರೆಗೆ ಸೇರಿದ ದಾಖಲೆ, ತುಕಡಿಯ ದಿನವಹಿ ವರದಿ ಇವನ್ನು ಕೂಡಿಸಿ ಸೇವೆಯ ವಿವರವನ್ನು ಮತ್ತೆ ಕಟ್ಟುತ್ತಾರೆ.

ಅರ್ಜಿಯ ದಾರಿ ಚಿಕ್ಕದು. ಮೊದಲು ಸ್ಟ್ಯಾಂಡರ್ಡ್ ಫಾರ್ಮ್ 180 ಹಾಕಿ ದಾಖಲೆ ತರಿಸಿಕೊಳ್ಳಬೇಕು. ಪದಕದ ಆದೇಶ ಕಡತದಲ್ಲೇ ಸಿಕ್ಕರೆ ಆಡಳಿತ ಮಟ್ಟದಲ್ಲೇ ಕೆಲಸ ಮುಗಿಯುತ್ತದೆ. ಆಗ ಸಾಮಾನ್ಯವಾಗಿ ಹಳೆಯ ಡಿಡಿ 214 ಹಾಗೇ ಉಳಿಯುತ್ತದೆ. ಡಿಡಿ 215 ಎಂಬ ಇನ್ನೊಂದು ಹಾಳೆ ಅದರ ಜೊತೆ ಸೇರುತ್ತದೆ. ಯಾವ ಸಾಲೂ ಅಳಿಯುವುದಿಲ್ಲ. ‘ತಿದ್ದಿದರು’ ಎಂಬ ಮಾತಿಗೆ ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಆಡಳಿತ ಮಟ್ಟದಲ್ಲಿ ಆಗದಿದ್ದರೆ ಡಿಡಿ 149 ತುಂಬಿ ದಾಖಲೆ ತಿದ್ದುಪಡಿ ಮಂಡಳಿಗೆ ಹೋಗಬೇಕು. ತಪ್ಪು ತಿಳಿದ 3 ವರ್ಷದೊಳಗೆ ಎಂಬ ನಿಯಮ ಇದೆ. ನ್ಯಾಯದ ದೃಷ್ಟಿಯಿಂದ ಬೇಕು ಎನಿಸಿದರೆ ಮಂಡಳಿ ಅದನ್ನು ಸಡಿಲಿಸಬಹುದು. ಮಂಡಳಿಯಲ್ಲಿ ಕೂರುವವರು ಸಮವಸ್ತ್ರದವರಲ್ಲ, ಇಲಾಖೆಯ ನಾಗರಿಕ ಸಿಬ್ಬಂದಿ. ಈ ಏರ್ಪಾಡಿಗೆ ಮೂಲ 1946ರ ಕಾಯ್ದೆ. ಅದಕ್ಕೂ ಮುಂಚೆ ಒಬ್ಬ ಸೈನಿಕನ ದಾಖಲೆ ಸರಿಮಾಡಲು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಅವನೊಬ್ಬನಿಗಾಗಿ ಮಸೂದೆ ತರಬೇಕಾಗುತ್ತಿತ್ತು.

ಇದರ ಜೊತೆ ಕಲಸಬಾರದ ಎರಡು ವಿಷಯ ಇವೆ. ಸೇನೆಯಿಂದ ಕೆಟ್ಟ ಹೆಸರಿನಲ್ಲಿ ಹೊರಬಿದ್ದವರು ಅದನ್ನು ಬದಲಿಸಿ ಎಂದು ಕೇಳುವುದು ಬೇರೆ ಅರ್ಜಿ. ಅದಕ್ಕೆ ಡಿಡಿ 293, ಬೇರೆ ಮಂಡಳಿ, 15 ವರ್ಷದ ಗಡುವು.

ಎರಡನೆಯದು ಪದಕದ ಮರುಪರಿಶೀಲನೆ. ಅದನ್ನು ತಿದ್ದುಪಡಿ ಎನ್ನುವುದರ ಬಗ್ಗೆ ನನಗೆ ಸಿಟ್ಟೇ ಇದೆ. ವರ್ನನ್ ಬೇಕರ್ 1945ರ ಏಪ್ರಿಲ್‌ನಲ್ಲಿ ಇಟಲಿಯ ವಿಯಾರೆಜ್ಜೋ ಬಳಿ ಹೋರಾಡಿದ ಕಪ್ಪು ಅಧಿಕಾರಿ. ಆ ಸಾಹಸಕ್ಕೆ ಅವರಿಗೆ ಭೂಸೇನೆಯ ಎರಡನೆಯ ಅತಿ ದೊಡ್ಡ ಶೌರ್ಯ ಪದಕವಾದ ಡಿಸ್ಟಿಂಗ್ವಿಶ್ಡ್ ಸರ್ವಿಸ್ ಕ್ರಾಸ್ ಕೊಟ್ಟಿದ್ದರು. ಎರಡನೆಯ ಮಹಾಯುದ್ಧಕ್ಕಾಗಿ ಒಬ್ಬನೇ ಒಬ್ಬ ಕಪ್ಪು ಸೈನಿಕನಿಗೂ ಎಲ್ಲಕ್ಕಿಂತ ದೊಡ್ಡ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಸಿಕ್ಕಿರಲಿಲ್ಲ. ಹೀಗೇಕಾಯಿತು ಎಂದು 1993ರಲ್ಲಿ ಸೇನೆಯೇ ಅಧ್ಯಯನ ಮಾಡಿಸಿತು. 1997ರ ಜನವರಿ 13ರಂದು ಅಧ್ಯಕ್ಷ ಕ್ಲಿಂಟನ್ ಏಳು ಜನರಿಗೆ ಆ ಪದಕ ಕೊಟ್ಟರು. ಬದುಕಿದ್ದವರು ಬೇಕರ್ ಒಬ್ಬರೇ. ಇದನ್ನೂ ‘ದಾಖಲೆ ತಿದ್ದುಪಡಿ’ ಎಂದು ಬರೆದಿದ್ದನ್ನು ಓದಿದ್ದೇನೆ. ಬೇಕರ್ ಅವರ ದಾಖಲೆಯಲ್ಲಿ ತಪ್ಪೇ ಇರಲಿಲ್ಲ. ಕೊಟ್ಟ ಪದಕ ಸರಿಯಾಗಿ ದಾಖಲಾಗಿತ್ತು. ತಪ್ಪಿದ್ದು ಕೊಡುವವರ ಕಣ್ಣಿನಲ್ಲಿ. ಅದನ್ನು ಕಾಗದದ ಲೋಪ ಎಂದು ಕರೆದರೆ ಅರ್ಧ ಶತಮಾನದ ಜನಾಂಗ ತಾರತಮ್ಯವನ್ನು ಗುಮಾಸ್ತನ ತಲೆಗೆ ಕಟ್ಟಿದಂತಾಗುತ್ತದೆ. ಅಲ್ಲಿ ‘ಮರುಪರಿಶೀಲನೆ’ ಎಂದೇ ಬರೆಯಬೇಕು. ಆಗ ಶಿಫಾರಸೇ ಆಗದ ಸಾಹಸಕ್ಕೆ ಈಗ ಪದಕ ಕೇಳುವುದೂ ತಿದ್ದುಪಡಿ ಅಲ್ಲ. ಅದಕ್ಕೆ ಸಂಸದರೊಬ್ಬರ ಮೂಲಕ ಹೋಗುವ ಪ್ರತ್ಯೇಕ ಕಾನೂನು ದಾರಿ ಇದೆ.

ಅಮೆರಿಕದಲ್ಲಿ ನೆಲೆಸಿ ಅಲ್ಲಿನ ಸೈನಿಕ ಕುಟುಂಬಗಳ ಜೊತೆ ನಂಟು ಬೆಳೆಸಿದ ಕನ್ನಡಿಗರಿಗೆ ಒಂದು ಮಾತು. ಮಾಜಿ ಸೈನಿಕ ತೀರಿಕೊಂಡಿದ್ದರೆ ಹತ್ತಿರದ ಬಂಧುಗಳು ಅರ್ಜಿ ಹಾಕಬಹುದು. ಸೇನೆ ಬಿಟ್ಟು 62 ವರ್ಷ ಆದ ಮೇಲೆ ಕಡತ ರಾಷ್ಟ್ರೀಯ ಪತ್ರಾಗಾರಕ್ಕೆ ಸೇರುತ್ತದೆ. ಆಮೇಲೆ ಅದನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ತರಿಸಿಕೊಂಡು ಓದಬಹುದು.