ಡಾರ್ಕ್‌ರೂಮ್: ಬಳ್ಳಾರಿಯ ಬಿಸಿಲಿನಲ್ಲೊಂದು ಪದ ಪರಿಚಯ

ಫಿಲ್ಮನ್ನೂ ಫೋಟೋ ಕಾಗದವನ್ನೂ ಬೇಡದ ಬೆಳಕು ತಾಗದಂತೆ ಬಿಚ್ಚಿ, ರಾಸಾಯನಿಕದಲ್ಲಿ ತೊಳೆದು ಚಿತ್ರ ಮೂಡಿಸುವ ಕೋಣೆಗೆ ಡಾರ್ಕ್‌ರೂಮ್ ಎನ್ನುತ್ತಾರೆ. ಹೆಸರಿನಲ್ಲಿ ಕತ್ತಲೆ ಇದ್ದರೂ ಬಳ್ಳಾರಿಯಂಥ ಊರಿನಲ್ಲಿ ಕತ್ತಲೆ ಮಾಡಿಕೊಳ್ಳುವುದು ಸುಲಭದ ಪಾಲು. ಕಷ್ಟ ಕೊಡುವುದು ಬಿಸಿಲು.

ಸಿನಿಮಾದಲ್ಲಿ ನೋಡಿದ ಕೆಂಪು ದೀಪದ ವಿಷಯ ಮೊದಲು ಇತ್ಯರ್ಥವಾಗಲಿ. ಅದು ಕಾಗದಕ್ಕೆ, ಫಿಲ್ಮಿಗಲ್ಲ. ಕಪ್ಪು-ಬಿಳುಪು ಫೋಟೋ ಕಾಗದ ನೀಲಿ, ಹಸಿರು ಬೆಳಕಿಗೆ ಸ್ಪಂದಿಸುತ್ತದೆ. ಕೆಂಪು ಅದಕ್ಕೆ ತಾಗುವುದಿಲ್ಲ. ಈಗ ಸಿಗುವ ಬಹುತೇಕ ಫಿಲ್ಮ್‌ಗಳು ಪ್ಯಾಂಕ್ರೊಮ್ಯಾಟಿಕ್, ಅಂದರೆ ಕಣ್ಣಿಗೆ ಕಾಣುವ ಎಲ್ಲ ಬಣ್ಣಗಳಿಗೂ ಸ್ಪಂದಿಸುವಂಥವು. ಕೆಂಪು ಬಲ್ಬಿನಡಿ ರೀಲು ಬಿಚ್ಚಿದರೆ ನೆಗೆಟಿವ್ ಕಪ್ಪಾಗಿ ಕೈಗೆ ಬರುತ್ತದೆ.

ಆದರೆ ಫಿಲ್ಮಿಗೆ ಪೂರ್ಣ ಕತ್ತಲೆ ಬೇಕಾಗುವುದು ಕೆಲವೇ ನಿಮಿಷ: ರೀಲನ್ನು ಸುರುಳಿಗೆ ಸುತ್ತಿ, ಬೆಳಕು ನುಸುಳದ ಡೆವಲಪಿಂಗ್ ಟ್ಯಾಂಕಿನೊಳಗಿಟ್ಟು ಮುಚ್ಚಳ ಬಿಗಿಯುವವರೆಗೆ. ಆಮೇಲೆ ಚಿತ್ರ ಮೂಡಿಸುವ ಡೆವಲಪರ್, ಅದರ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್ ಎಲ್ಲವನ್ನೂ ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೇ ಸುರಿಯಬಹುದು. ಬರೀ ಫಿಲ್ಮ್ ತೊಳೆಯುವವರಿಗೆ ಕೋಣೆಯೇ ಬೇಡ, ತೋಳು ತೂರಿಸುವ ಕಪ್ಪು ಚೀಲವೊಂದು ಸಾಕು. ಏಪ್ರಿಲ್ ಮಧ್ಯಾಹ್ನ ಆ ಚೀಲದೊಳಗೆ ಕೈ ಬೆವರುತ್ತದೆ, ಒದ್ದೆಯಾದ ಪ್ಲಾಸ್ಟಿಕ್ ಸುರುಳಿಗೆ ಫಿಲ್ಮ್ ಅಂಟಿ ಮುಂದೆ ಸರಿಯುವುದಿಲ್ಲ. ಹಾಗಾಗಿ ಈ ಕೆಲಸ ರಾತ್ರಿಗೇ ಇರಲಿ.

ಇನ್ನು ಉಷ್ಣಾಂಶ. ಕಪ್ಪು-ಬಿಳುಪು ಡೆವಲಪರಿನ ಲೆಕ್ಕವೆಲ್ಲ 20 ಡಿಗ್ರಿ ಸೆಲ್ಸಿಯಸ್ ಇಟ್ಟುಕೊಂಡು ಹಾಕಿದ್ದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಆ ಅಂಕಿ ಓದಿದರೆ ನಗು ಬರುತ್ತದೆ. ದ್ರಾವಣ ಬಿಸಿಯಾದಷ್ಟೂ ಕೆಲಸ ಚುರುಕು, ಸಮಯ ಕಡಿಮೆ. ಆ ಸಮಯ ಐದು ನಿಮಿಷಕ್ಕಿಂತ ಕೆಳಗಿಳಿದರೆ ಚಿತ್ರ ಒಂದೇ ಸಮನಾಗಿ ಮೂಡದೆ ಪಟ್ಟೆಪಟ್ಟೆಯಾಗುವ ಭಯ. ಇದಕ್ಕೊಂದು ದಾರಿ ದ್ರಾವಣವನ್ನು ತೆಳುಮಾಡುವುದು. ಇಲ್‌ಫೋರ್ಡ್ ಕಂಪನಿಯ ಕಪ್ಪು-ಬಿಳುಪು ಎಚ್‌ಪಿ5 ಫಿಲ್ಮಿಗೆ ಅದೇ ಕಂಪನಿಯ ಐಡಿ-11 ಡೆವಲಪರನ್ನು ಹಾಗೆಯೇ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ; ಸಮಪಾಲು ನೀರು ಬೆರೆಸಿದರೆ 13 ನಿಮಿಷ. ಸೆಕೆ ಒಂದಿಷ್ಟು ನಿಮಿಷ ನುಂಗಿದರೂ ಕೈಯಲ್ಲಿ ಸಾಕಷ್ಟು ಉಳಿಯುತ್ತದೆ. ಇನ್ನೊಂದು ದಾರಿ ಮಣ್ಣಿನ ಹರವಿ. ಇಲ್ಲಿನ ಒಣಗಾಳಿಗೆ ಹರವಿಯ ನೀರು ಚೆನ್ನಾಗಿ ತಣಿಯುತ್ತದೆ. ಅದನ್ನು ಬೇಸಿನ್ನಿಗೆ ಸುರಿದು, ನಾಲ್ಕು ಐಸ್ ತುಂಡು ಹಾಕಿ, ಬಾಟಲಿಗಳನ್ನು ಅದರೊಳಗೆ ನಿಲ್ಲಿಸಿದರಾಯಿತು. ತಣ್ಣಗಿನ ಡೆವಲಪರಿನಿಂದ ತೆಗೆದ ಫಿಲ್ಮಿಗೆ ಮಹಡಿಯ ಮೇಲಿನ ಟ್ಯಾಂಕಿನ ಬಿಸಿನೀರು ಮಾತ್ರ ಬಿಡಬಾರದು. ಫಿಲ್ಮಿನ ಮೇಲೆ ಚಿತ್ರ ಹಿಡಿದಿಡುವ ಜೆಲಟಿನ್ ಪದರ ಮೆತ್ತಗಾಗಿ ಸುಕ್ಕುಗಟ್ಟಿ, ಆ ಸುಕ್ಕು ಚಿತ್ರದಲ್ಲೇ ಉಳಿದುಬಿಡುತ್ತದೆ. ತಮಾಷೆಯೆಂದರೆ, ಕಷ್ಟವೆಂದು ಎಲ್ಲರೂ ಹೆದರುವ ಬಣ್ಣದ ಫಿಲ್ಮಿನ ಸಿ-41 ವಿಧಾನ ಕೇಳುವುದು ಸುಮಾರು 38 ಡಿಗ್ರಿ. ಬೇಸಿಗೆಯ ಬಳ್ಳಾರಿಗೆ ಅದೇ ಹತ್ತಿರದ ನೆಂಟ.

ಧೂಳು ಎರಡನೆಯ ಶತ್ರು. ಒದ್ದೆ ಫಿಲ್ಮಿಗೆ ಅಂಟಿದ ಕಣ ಒಣಗಿದ ಮೇಲೆ ಬಿಡುವುದಿಲ್ಲ, ಮುದ್ರಿಸಿದಾಗ ಬಿಳಿ ಚುಕ್ಕೆಯಾಗುತ್ತದೆ. ಬಚ್ಚಲುಮನೆಯ ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ಹಾಕದೆ ಅಲ್ಲೇ ನೇತುಹಾಕುವುದು ಮೇಲು. ಬೋರ್‌ವೆಲ್ಲಿನ ಗಡಸು ನೀರು ಸುಣ್ಣದ ಕಲೆ ಬಿಡುತ್ತದೆ. ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತಂದುಕೊಳ್ಳಿ.

ಕಾಗದದ ಮೇಲೆ ಮುದ್ರಿಸುವ ಆಸೆ ಬಂದಾಗಲೇ ನಿಜವಾದ ಕೋಣೆ ಬೇಕು. ಒಂದು ಗೋಡೆಗೆ ನೆಗೆಟಿವನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರ್, ಎದುರು ಗೋಡೆಗೆ ರಾಸಾಯನಿಕದ ಟ್ರೇಗಳು. ಒಣಭಾಗಕ್ಕೆ ಒದ್ದೆ ಕೈ ಹೋಗಬಾರದು. ದೀಪವಾರಿಸಿ ಹತ್ತು ನಿಮಿಷ ಒಳಗೆ ಕುಳಿತರೆ ಬಾಗಿಲ ಸಂದು, ಕಿಟಕಿಯ ಬಿರುಕು ತಾವಾಗಿ ಕಾಣುತ್ತವೆ, ಅವಕ್ಕೆ ಕಪ್ಪು ಬಟ್ಟೆ ತುರುಕಿ. ಆದರೆ ಗಾಳಿ ಹೊರಹೋಗಲು ದಾರಿ ಇರಲೇಬೇಕು, ಫಿಕ್ಸರಿನ ವಾಸನೆ ಗಂಟಲು ಹಿಡಿಯುತ್ತದೆ. ಬಳಸಿದ ಫಿಕ್ಸರಿನಲ್ಲಿ ಫಿಲ್ಮಿನಿಂದ ಕರಗಿದ ಬೆಳ್ಳಿ ಇರುವುದರಿಂದ ಅದನ್ನು ಚರಂಡಿಗೆ ಚೆಲ್ಲದೆ ಬೇರೆ ಕ್ಯಾನಿನಲ್ಲಿ ತುಂಬಿಡಬೇಕು.