ನಟನಿಗೆ ‘ಅಭಿಮಾನಿ’ ಹುಟ್ಟಿದ್ದು ಹೇಗೆ?

ಮಂಡ್ಯ, ತುಮಕೂರು ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ನೋಡಿದ್ದೀರಾ? ರಾತ್ರಿ ಊಟ ಮುಗಿಸಿ ಕೂತರೆ ಬೆಳಗಿನ ಜಾವದವರೆಗೂ ನಡೆಯುತ್ತದೆ. ಕೃಷ್ಣನ ಪಾತ್ರಧಾರಿ ಒಂದು ಕಂದಪದ್ಯವನ್ನು ಎತ್ತರದ ಶ್ರುತಿಯಲ್ಲಿ ಹಾಡಿ ನಿಲ್ಲಿಸುತ್ತಾನೆ. ಹಿಂದಿನ ಸಾಲಿನಿಂದ ‘ಒನ್ಸ್ ಮೋರ್’ ಕೂಗು ಬರುತ್ತದೆ. ಹಾರ್ಮೋನಿಯಂ ಮೇಷ್ಟ್ರು ಮತ್ತೆ ಶ್ರುತಿ ಹಿಡಿಯುತ್ತಾರೆ. ಅಷ್ಟರಲ್ಲಿ ಯಾರೋ ಒಬ್ಬರು ಪಂಚೆ ಎತ್ತಿ ಕಟ್ಟಿಕೊಂಡು ಸ್ಟೇಜ್ ಹತ್ತಿ, ಕೃಷ್ಣನ ಜರಿ ಅಂಗಿಗೆ ನೂರರ ನೋಟೊಂದನ್ನು ಪಿನ್ ಚುಚ್ಚಿ, ಕೈ ಮುಗಿದು ಇಳಿದುಹೋಗುತ್ತಾರೆ. ಸಂಧಾನದ ಮಾತು ಅರ್ಧಕ್ಕೆ ನಿಂತಿರುತ್ತದೆ. ಯಾರಿಗೂ ಬೇಜಾರಿಲ್ಲ. ದುರ್ಯೋಧನನೂ ಸುಮ್ನೆ ಕಾಯುತ್ತಾನೆ.

ಕನ್ನಡದ ನಟರ ಮೇಲಿನ ಜನರ ಪ್ರೀತಿಯ ಬಗ್ಗೆ ಮಾತು ಬಂದಾಗ ಎಲ್ಲರೂ ಕಟೌಟು, ಹಾಲಿನ ಅಭಿಷೇಕದಿಂದ ಶುರು ಮಾಡುತ್ತಾರೆ. ನನಗೆ ಅದು ಕತೆಯನ್ನು ಮಧ್ಯದಿಂದ ಹೇಳಿದ ಹಾಗೆ ಅನ್ನಿಸುತ್ತದೆ. ಶುರು ಆ ಪಿನ್ನಿನಲ್ಲಿದೆ.

ಮೊದಲು ಪದವನ್ನೇ ನೋಡೋಣ. ನಾವು ನಟನನ್ನು ಮೆಚ್ಚುವವನಿಗೆ ‘ಅಭಿಮಾನಿ’ ಅನ್ನುತ್ತೇವೆ. ಆದರೆ ಅಭಿಮಾನ ಅಂದರೆ ಬರೀ ಮೆಚ್ಚುಗೆ ಅಲ್ಲ. ಹಳೆಯ ಕಾವ್ಯಗಳ ‘ಅಭಿಮಾನಧನ’ ತನ್ನ ಮಾನವನ್ನೇ ಆಸ್ತಿ ಅಂದುಕೊಂಡವನು. ಭಾಷೆಯ ವಿಷಯಕ್ಕೆ ಬಂದರೆ ‘ಕನ್ನಡಾಭಿಮಾನಿ’. ಅಂದರೆ ನಟನನ್ನು ಇಷ್ಟಪಡುವುದಕ್ಕೂ ನನ್ನತನದ ಬಗ್ಗೆ ಹೆಮ್ಮೆ ಪಡುವುದಕ್ಕೂ ನಮ್ಮಲ್ಲಿ ಇರುವುದು ಒಂದೇ ಪದ. ಈ ಎರಡು ಅರ್ಥ ಒಂದರೊಳಗೊಂದು ಬೆರೆತುಹೋದದ್ದು ಹೋದ ಶತಮಾನದಲ್ಲಿ. ಬೆರೆಸಿದವರು ಹೆಚ್ಚಾಗಿ ನಾಟಕದಿಂದ ಬಂದ ನಟರು.

ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಹುಡುಗನಾಗಿ ಅಲ್ಲಿಗೆ ಸೇರಿದ ವೀರಣ್ಣನವರು ಮುಂದೆ ಅದರ ಯಜಮಾನರಾದರು. ಊರಿಂದೂರಿಗೆ ಟೆಂಟು, ಪರದೆ, ಸೀನರಿ ಸಾಗಿಸಿಕೊಂಡು ಹೋಗಿ, ಕಲೆಕ್ಷನ್ ಇರುವಷ್ಟು ದಿನ ಅಲ್ಲೇ ಕ್ಯಾಂಪ್ ಹಾಕುತ್ತಿದ್ದರು. 1934ರ ಅವರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ಬಂದವು. ಮೆಚ್ಚಿದ ಸಾಹುಕಾರರು ನಟರಿಗೆ ಪದಕ ಕೊಡುತ್ತಿದ್ದರು. ಹಳೆಯ ಫೋಟೋಗಳಲ್ಲಿ ಕಂಪನಿ ನಟರು ಎದೆ ತುಂಬ ಪದಕ ಸಿಕ್ಕಿಸಿಕೊಂಡು ನಿಂತಿರುವುದನ್ನು ನೀವೂ ನೋಡಿರಬಹುದು. ಪದಕ ಕೊಡಲಾಗದವರ ಕೈಯಲ್ಲಿ ಇದ್ದದ್ದು ‘ಒನ್ಸ್ ಮೋರ್’. ಅದು ಚಪ್ಪಾಳೆಗಿಂತ ಜಾಸ್ತಿ ತೂಕದ್ದು. ನಾಲ್ಕಾಣೆ ಕೊಟ್ಟು ನೆಲದ ಮೇಲೆ ಕೂತವನು ಕೂಗಿದರೂ ನಟ ಮತ್ತೆ ಹಾಡಲೇಬೇಕು. ಮೆಚ್ಚುವವನಿಗೆ ಒಂದು ಅಧಿಕಾರ ಇತ್ತು. ನಟ ಅವನ ಮುಖ ನೋಡಿಕೊಂಡೇ ಹಾಡುತ್ತಿದ್ದ.

ಅದೇ 1934ರಲ್ಲಿ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ತೆರೆಗೆ ಬಂತು. ಅದರಲ್ಲಿದ್ದ ಎಂ.ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಇಬ್ಬರೂ ನಾಟಕದವರೇ. ನಟರು ಅವರೇ, ಜನರೂ ಅವರೇ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಪರದೆಗೆ ‘ಒನ್ಸ್ ಮೋರ್’ ಕೇಳಿಸುವುದಿಲ್ಲ. ಕೂಗಿ, ಶಿಳ್ಳೆ ಹೊಡೆಯಿರಿ, ಚಿಲ್ಲರೆ ತೂರಿ, ರೀಲು ಮುಂದಕ್ಕೆ ಓಡುತ್ತಲೇ ಇರುತ್ತದೆ. ಮೆಚ್ಚುಗೆ ಹೇಳುವುದಕ್ಕೆ ಜನ ಬೇರೆ ಜಾಗ ಹುಡುಕಬೇಕಾಯಿತು. ಆ ಜಾಗ ಥಿಯೇಟರಿನ ಹೊರಗೆ ಸಿಕ್ಕಿತು ಅನ್ನುವುದು ನನ್ನ ಲೆಕ್ಕಾಚಾರ.

ಇದು ಒಂದೇ ದಿನಕ್ಕೆ ಆದದ್ದಲ್ಲ. 1950ರ ದಶಕದಲ್ಲಿ ವರ್ಷಕ್ಕೆ ಬರುತ್ತಿದ್ದ ಕನ್ನಡ ಸಿನಿಮಾಗಳು ಬೆರಳೆಣಿಕೆಯಷ್ಟು. ನಟರಿಗೆ ಹೊಟ್ಟೆಪಾಡು ನಡೆಯಬೇಕಲ್ವಾ? ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು, ಮತ್ತೆ ನಾಟಕ ಹಿಡಿದು ಊರೂರು ತಿರುಗಿದರು. ಹಾಗೆ ಗಟ್ಟಿಯಾದ ಸಂಘವೇ 1960ರಲ್ಲಿ ‘ರಣಧೀರ ಕಂಠೀರವ’ ಸಿನಿಮಾ ತಂದಿತು. ಪರದೆ ಮೇಲೆ ಕಂಡವರು ಹತ್ತಡಿ ದೂರದಲ್ಲಿ ಮೈಯೆಲ್ಲ ಬೆವರಿ ನಿಂತಿದ್ದನ್ನು ನೋಡಿದ ಜನ ಅದನ್ನು ಮರೆತಿರಲಾರರು.

ರಾಜ್‌ಕುಮಾರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗಾಜನೂರಿನ ಮುತ್ತುರಾಜ ಹುಟ್ಟಿದ್ದು 1929ರಲ್ಲಿ. ತಂದೆ ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟ. ಮಗನೂ ಚಿಕ್ಕಂದಿನಲ್ಲೇ ಬಣ್ಣ ಹಚ್ಚಿದ. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದಾಗ ಅವನ ಹಿಂದೆ ವರ್ಷಗಟ್ಟಲೆ ಕಂಪನಿ ನಾಟಕದ ದುಡಿಮೆ ಇತ್ತು. ಆಮೇಲೆ ಇನ್ನೂರಕ್ಕೂ ಹೆಚ್ಚು ಸಿನಿಮಾ. ಆದರೆ ವೇದಿಕೆಗೆ ಬಂದಾಗ ಅವರ ಮಾತು ಶುರುವಾಗುತ್ತಿದ್ದದ್ದು ‘ಅಭಿಮಾನಿ ದೇವರುಗಳೇ’ ಅಂತ. ಇದನ್ನು ಬರೀ ವಿನಯ ಅಂದುಕೊಂಡವರಿದ್ದಾರೆ, ಜಾಣತನ ಅಂದವರೂ ಇದ್ದಾರೆ. ನನಗೆ ಅದರಲ್ಲಿ ಕೇಳಿಸುವುದು ಕಂಪನಿ ನಾಟಕ. ಪರದೆ ಏಳುವ ಮೊದಲು ನಾಂದಿ ಹಾಡಿ, ರಂಗಕ್ಕೂ ಸಭೆಗೂ ಕೈ ಮುಗಿದು ಕೆಲಸ ಶುರು ಮಾಡುವುದನ್ನು ಹುಡುಗನಾಗಿದ್ದಾಗಲೇ ಕಲಿತವರ ಬಾಯಲ್ಲಿ ಆ ಮಾತು ಸಹಜವಾಗಿ ಬರುತ್ತದೆ.

1982ರ ಗೋಕಾಕ್ ಚಳವಳಿಯಲ್ಲಿ ಪದದ ಎರಡೂ ಅರ್ಥ ಒಂದಾದವು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಬೇಕು ಅಂತ ವಿ.ಕೃ. ಗೋಕಾಕ್ ಸಮಿತಿ ಹೇಳಿತ್ತು. ಸಾಹಿತಿಗಳು ಅದರ ಜಾರಿಗಾಗಿ ಹೋರಾಡುತ್ತಿದ್ದರು. ರಾಜ್‌ಕುಮಾರ್ ಊರೂರಿಗೆ ಹೋಗಿ ಮಾತಾಡತೊಡಗಿದ ಮೇಲೆ ಜನಸಾಗರವೇ ಸೇರಿತು. ಅವರನ್ನು ನೋಡಲು ಬಂದವನು ಭಾಷೆಗಾಗಿ ಘೋಷಣೆ ಕೂಗಿ ಮನೆಗೆ ಹೋದ. ಆಮೇಲೆ ಅಭಿಮಾನಿ ಸಂಘಗಳು ಸಿನಿಮಾ ಬಿಡುಗಡೆಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ರಾಜ್‌ಕುಮಾರ್ ತಾವೇ ಚುನಾವಣೆಗೆ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಪಕ್ಕದ ರಾಜ್ಯಗಳಲ್ಲಿ ನಟರು ಮುಖ್ಯಮಂತ್ರಿಗಳಾಗಿದ್ದ ಕಾಲ ಅದು.

ಇದಕ್ಕೆ ಇನ್ನೊಂದು ಮುಖವೂ ಇದೆ, ಮುಚ್ಚಿಡುವುದು ಸರಿಯಲ್ಲ. 2000ದ ಜುಲೈ 30ರಂದು ಕಾಡುಗಳ್ಳ ವೀರಪ್ಪನ್ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ 108 ದಿನ ನಾಡು ಉಸಿರು ಬಿಗಿಹಿಡಿದು ಕೂತಿತ್ತು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ ಬಿತ್ತು. ಗಲಭೆಯಲ್ಲಿ ಪೊಲೀಸ್ ಸಿಬ್ಬಂದಿಯೊಬ್ಬರೂ ಸೇರಿ ಎಂಟು ಜನ ಸತ್ತರು. ಕೊನೆಯ ದರ್ಶನಕ್ಕೆ ಬಂದ ಎಷ್ಟೋ ಜನಕ್ಕೆ ಮುಖವೂ ಕಾಣಲಿಲ್ಲ. ಪ್ರೀತಿ ಹೆಚ್ಚಾಗಿ ಹೀಗಾಯಿತು ಅನ್ನುವ ಸಮಜಾಯಿಷಿ ನನಗೆ ಒಪ್ಪಿಗೆಯಿಲ್ಲ. ನಟನನ್ನು ಮುಖಾಮುಖಿ ನೋಡುವ ದಾರಿ ಪೂರ್ತಿ ಮುಚ್ಚಿದಾಗ ಗುಂಪಿಗೆ ಏನಾಗುತ್ತದೆ ಅನ್ನುವುದು ಅವತ್ತು ಕಂಡಿತು. ಅದೇ ದಿನ ಅವರ ಕಣ್ಣುಗಳನ್ನು ದಾನ ಮಾಡಲಾಗಿತ್ತು. 1994ರಲ್ಲೇ ಅವರ ಹೆಸರಿನಲ್ಲಿ ನೇತ್ರ ಬ್ಯಾಂಕ್ ಶುರುವಾಗಿತ್ತು. 2021ರಲ್ಲಿ ಮಗ ಪುನೀತ್ ತೀರಿಕೊಂಡ ಮೇಲಂತೂ ಕಣ್ಣು ದಾನಕ್ಕೆ ಹೆಸರು ಬರೆಸಲು ಅಭಿಮಾನಿಗಳು ಮುಗಿಬಿದ್ದರು.

ನನಗೆ ಇವರೆಲ್ಲರಿಗಿಂತ ವಿಚಿತ್ರವಾಗಿ ಕಾಡುವುದು ಬಾಲಣ್ಣನ ಕತೆ. ಟಿ.ಎನ್. ಬಾಲಕೃಷ್ಣ ನಾಟಕದಿಂದ ಬಂದು 500ಕ್ಕೂ ಹೆಚ್ಚು ಸಿನಿಮಾಗಳಲ್ಲಿ ನಟಿಸಿದವರು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಸಂಭಾಷಣೆಯ ಸಮಯ ಹಿಡಿಯುತ್ತಿದ್ದರು. ಚಪ್ಪಾಳೆಯನ್ನು ಅವರು ಹೆಚ್ಚಾಗಿ ಕಣ್ಣಿನಲ್ಲೇ ಕೇಳಿರಬೇಕು. ಅಂಥವರು ಬೆಂಗಳೂರಿನ ಹೊರಗೆ, ಕೆಂಗೇರಿ ಕಡೆ, ಸ್ಟುಡಿಯೋ ಕಟ್ಟಲು ಹೊರಟು ಇಟ್ಟ ಹೆಸರು ‘ಅಭಿಮಾನ್’. ಅದಕ್ಕಾಗಿ ಜನರಿಂದ ಒಂದೊಂದು ರೂಪಾಯಿ ಎತ್ತಿದರು ಅಂತ ಹಳಬರು ಹೇಳುತ್ತಾರೆ. ಸ್ಟುಡಿಯೋ ಅಂದುಕೊಂಡ ಹಾಗೆ ಏಳಿಗೆ ಕಾಣಲಿಲ್ಲ. 2009ರ ಡಿಸೆಂಬರ್ ಕೊನೆಯಲ್ಲಿ ವಿಷ್ಣುವರ್ಧನ್ ಅಂತ್ಯಸಂಸ್ಕಾರ ಅಲ್ಲೇ ನಡೆಯಿತು. ಜಾಗದ ವ್ಯಾಜ್ಯ ಬೆಳೆದು, ಸರ್ಕಾರದ ಸ್ಮಾರಕ ಮೈಸೂರಿಗೆ ಹೋಗಿ 2023ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಆದರೂ ಅಭಿಮಾನಿಗಳು ಹೂ ಹಿಡಿದು ಹೋಗುತ್ತಿದ್ದದ್ದು ಕೆಂಗೇರಿ ಕಡೆಗೇ. 2025ರ ಆಗಸ್ಟಿನಲ್ಲಿ ಆ ಸಮಾಧಿಯನ್ನು ರಾತ್ರೋರಾತ್ರಿ ನೆಲಸಮ ಮಾಡಲಾಯಿತು. ಯಾರು ಸರಿ, ಯಾರು ತಪ್ಪು ಅನ್ನುವುದು ಕೋರ್ಟು ಕಾಗದಗಳ ವಿಷಯ. ಅಭಿಮಾನಕ್ಕೆ ನಿಲ್ಲಲು ನಾಲ್ಕಡಿ ನೆಲ ಬೇಕು ಅನ್ನುವುದು ಮಾತ್ರ ಗೊತ್ತಾಯಿತು.

ಗಲಾಟೆಯಿಲ್ಲದ ಇನ್ನೊಂದು ಬಗೆಯ ಅಭಿಮಾನ ನಾಟಕದ ಕಡೆ ಮುಂದುವರಿದೇ ಇತ್ತು. ಬಾದಾಮಿಯ ಬನಶಂಕರಿ ಜಾತ್ರೆಗೆ ಈಗಲೂ ಸಾಲು ಸಾಲು ನಾಟಕ ಕಂಪನಿಗಳು ಬಂದು ಟೆಂಟು ಹಾಕುತ್ತವೆ. ಮಾಸ್ಟರ್ ಹಿರಣ್ಣಯ್ಯ ಬೆಳಗಿನ ಪೇಪರಿನ ಸುದ್ದಿಯನ್ನೇ ರಾತ್ರಿಯ ಮಾತಾಗಿಸಿ, ಮುಂದಿನ ಸಾಲಿನಲ್ಲಿ ಕೂತ ರಾಜಕಾರಣಿಗೇ ಚಾಟಿ ಬೀಸುತ್ತಿದ್ದರು. ಅದಕ್ಕೇ ಜನ ಅದೇ ನಾಟಕಕ್ಕೆ ಐದಾರು ಸಲ ಹೋಗುತ್ತಿದ್ದರು. ಸಿ.ಆರ್. ಸಿಂಹ ಒಬ್ಬರೇ ನಾಟಕಕಾರ ಕೈಲಾಸಂ ಆಗಿ ರಂಗದ ಮೇಲೆ ನಿಂತು ಎಲ್ಲರನ್ನೂ ಹಿಡಿದಿಡುತ್ತಿದ್ದರು. ಕಂಪನಿ ನಾಟಕದ ಹಿರಿಯ ನಟ ಏಣಗಿ ಬಾಳಪ್ಪನವರು ನೂರು ದಾಟಿ ಬದುಕಿದರು. ಇವರ ಅಭಿಮಾನಿಗಳಿಗೆ ಕಟೌಟು ನಿಲ್ಲಿಸುವ ಅಭ್ಯಾಸವಿರಲಿಲ್ಲ.

ಒಂದು ನಾಟಕ ಮುಗಿದ ಮೇಲೆ ಗ್ರೀನ್ ರೂಮಿನ ಬಾಗಿಲಲ್ಲಿ ನಿಂತಿದ್ದೆ. ಒಳಗೆ ವಯಸ್ಸಾದ ನಟರೊಬ್ಬರು ಕೊಬ್ಬರಿ ಎಣ್ಣೆ ಹಚ್ಚಿ, ಹಳೇ ಪಂಚೆಯ ತುಂಡಿನಲ್ಲಿ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದರು. ಅವರಷ್ಟೇ ವಯಸ್ಸಿನ ಇನ್ನೊಬ್ಬರು ಸಂಕೋಚದಿಂದ ಒಳಗೆ ಹೋಗಿ, ‘ನಮ್ಮೂರಿಗೆ ಕಂಪನಿ ಬಂದಾಗ ನಿಮ್ಮನ್ನ ನೋಡಿದ್ದೆ ಸ್ವಾಮಿ, ಆಗ ನಾನು ಹೈಸ್ಕೂಲು’ ಅಂದರು.

‘ಯಾವೂರು?’

ಊರಿನ ಹೆಸರು ಹೇಳಿದರು. ನಟರು ಅರ್ಧ ಬಣ್ಣದ ಮುಖ ಎತ್ತಿ, ‘ಮಳೆಗೆ ಟೆಂಟು ಹಾರಿಹೋಗಿತ್ತಲ್ಲ, ಆ ಊರಾ? ನೀವೆಲ್ಲ ಹಗ್ಗ ಹಿಡ್ಕೊಂಡು ನಿಂತಿದ್ರಿ ಅಲ್ವಾ’ ಅಂದರು.